ವಾಕ್ಸ್ವಾತಂತ್ರ್ಯವೂ ವಾಕ್ಸಂಯಮವೂ

ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಪುಸ್ತಕಗಳನ್ನಿರಿಸಿ ಶಾರದೆಯನ್ನು ಪೂಜಿಸುವ ನಮಗೆ ವಾಕ್ಕೆಂಬುದು ಆಕೆಯ ಸ್ವರೂಪವೇ ಆಗಿದೆ. ಇಂದು ಮಕ್ಕಳ ಕೈಯ ಮೊಬೈಲಿನಿಂದ ಹೊರಟ ಮಾತು ಕ್ಷಣಮಾತ್ರದಲ್ಲಿ ಸಾವಿರಾರು ಜನರನ್ನು ಮುಟ್ಟುತ್ತದೆ. ಆದುದರಿಂದ ಮಾತಿನ ಹಕ್ಕನ್ನೂ ಅದರ ಎಲ್ಲೆಯನ್ನೂ ಅವರಿಗೆ ಮನೆಯಲ್ಲಿಯೇ ತಿಳಿಯಹೇಳುವುದು ಹಿರಿಯರ ಕರ್ತವ್ಯವಾಗಿದೆ.

ಮೊದಲು ಹಕ್ಕಿನ ವಿಚಾರ. ಸಂವಿಧಾನದ 19(1)(ಎ) ವಿಧಿಯು ನಾಗರಿಕರೆಲ್ಲರಿಗೂ ವಾಕ್ಸ್ವಾತಂತ್ರ್ಯವನ್ನು ನೀಡಿದೆ. 2012ರ ನವೆಂಬರಿನಲ್ಲಿ ಬಾಳ ಠಾಕರೆಯವರ ನಿಧನಾನಂತರದ ಬಂದ್‌ ಕುರಿತು ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ, ಅದಕ್ಕೆ 'ಲೈಕ್' ಒತ್ತಿದ ಗೆಳತಿಯನ್ನೂ ಮುಂಬಯಿಗೆ ಸಮೀಪದ ಪಾಲ್ಘರ್‌ನಲ್ಲಿ ಬಂಧಿಸಲಾಯಿತು. ಈ ಘಟನೆಯ ಬಳಿಕ ಹೂಡಲಾದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದುಪಡಿಸಿತು. ಮಾತು ಕೇಳುವವರಿಗೆ ರುಚಿಸಲಿಲ್ಲವೆಂಬ ಮಾತ್ರಕ್ಕೆ ಅದು ಅಪರಾಧವಾಗದು.

ಇನ್ನು ಎಲ್ಲೆಯ ವಿಚಾರ. 19(2)ನೆಯ ವಿಧಿಯು ಮಾನಹಾನಿಯನ್ನು ತಡೆಯುವ ನ್ಯಾಯೋಚಿತ ನಿರ್ಬಂಧಕ್ಕೆ ಅವಕಾಶವಿತ್ತಿದೆ. ವ್ಯಕ್ತಿಯ ಮಾನವೂ ಅವನ ಜೀವಿಸುವ ಹಕ್ಕಿನ ಅಂಗವೆಂದು ಅದೇ ನ್ಯಾಯಾಲಯವು 2016ರಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಂತೆ ಮಾನಹಾನಿಗೆ ಎರಡು ವರ್ಷಗಳವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯನ್ನು ವಿಧಿಸಬಹುದು. ಹದಿನೆಂಟು ತುಂಬದವರ ಪ್ರಕರಣವು ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ.

ಉದಾಹರಣೆಗೆ, "ಈ ಉಪಾಧ್ಯಾಯರ ಪಾಠ ನನಗೆ ಅರ್ಥವಾಗದು" ಎಂಬುದು ಅಭಿಪ್ರಾಯ; ಅದಕ್ಕೆ ಅಡ್ಡಿಯಿಲ್ಲ. "ಇವರು ಹಣ ಪಡೆದು ಅಂಕ ನೀಡಿದರು" ಎಂಬುದು ಆರೋಪ. ಅದಕ್ಕೆ ಆಧಾರ ಬೇಕು. ಸಹಪಾಠಿನಿಯ ನಡತೆಯನ್ನು ಕುರಿತ ಗಾಳಿಮಾತೂ ಆರೋಪವೇ. ಕಾನೂನಿನ ದೃಷ್ಟಿಯಲ್ಲಿ ಸತ್ಯವೊಂದೇ ಸಾಲದು. ಅದನ್ನು ಪ್ರಕಟಿಸುವುದರಿಂದ ಲೋಕಹಿತವೂ ಆಗಬೇಕು. "ನಾನು ಬರೆದದ್ದಲ್ಲ, ಬಂದುದನ್ನು ಕಳುಹಿಸಿದೆ" ಎಂಬ ಸಮಾಧಾನವೂ ಸಲ್ಲದು. ಆರೋಪವನ್ನು ಮಾಡುವವನೊಡನೆ ಪ್ರಕಟಿಸುವವನೂ ಹೊಣೆಗಾರನೇ. ಅಳಿಸಿದ ಸಂದೇಶದ ಚಿತ್ರ ಅಷ್ಟರಲ್ಲಿ ಮತ್ತೊಬ್ಬರ ಬಳಿ ಉಳಿದಿರುತ್ತದೆ. ಕಳೆದ ಮಾನ ಕ್ಷಮೆಯಿಂದ ಪೂರ್ತಿಯಾಗಿ ಮರಳುವುದಿಲ್ಲ.

ತಮ್ಮ ಮೇಲೆಯೇ ಅಪವಾದ ಬಂದಾಗ ಮಕ್ಕಳು ಪ್ರತಿನಿಂದೆಗೆ ತೊಡಗದೆ, ಸಂದೇಶದ ಪ್ರತಿಯನ್ನು ದಿನಾಂಕಸಹಿತ ಕಾದಿರಿಸಿ ಹಿರಿಯರಿಗೆ ತಿಳಿಸಬೇಕು. ಹಿರಿಯರಾದರೋ ಗದರಿಸದೆ ಕೇಳಬೇಕು. ಗದರಿಕೆಗೆ ಅಂಜಿದ ಮಗು ಆ ನೋವನ್ನು ಒಂಟಿಯಾಗಿ ಹೊರುತ್ತದೆ.

ಗೀತೆಯ ಹದಿನೇಳನೆಯ ಅಧ್ಯಾಯವು ಸತ್ಯವೂ ಹಿತವೂ ಆದ, ಪರರನ್ನು ಕೆರಳಿಸದ ಮಾತನ್ನು ತಪಸ್ಸೆಂದೇ ಎಣಿಸಿದೆ. ನಿಜವೇ? ಹಿತವೇ? ಎದುರಿಗೆ ನಿಂತು ಹೇಳಬಲ್ಲೆನೇ? ಬೆರಳೊತ್ತುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವನ್ನು ನಮ್ಮ ಮಕ್ಕಳಲ್ಲಿ ಬೆಳೆಸಿದರೆ ಅದೇ ಶಾರದೆಗೆ ಸಲ್ಲಿಸುವ ನಿಜವಾದ ಪೂಜೆ.