ಜೀಪಿನ ನಡುಕಕ್ಕೆ ಕಾರಣವೇನು?

ಗುಡ್ಡಗಾಡಿನಲ್ಲಿ ಓಡಿಸಲೆಂದು ಜೀಪೊಂದರ ಸ್ಪ್ರಿಂಗುಗಳನ್ನು ಬದಲಿಸಿ, ಅದರ ಒಡಲನ್ನು ಎತ್ತರಿಸಿದ್ದಾರೆಂದು ಭಾವಿಸೋಣ. ವೇಗ ಹೆಚ್ಚಿದೊಡನೆ ಗಾಡಿಯು ನಡುಗತೊಡಗುತ್ತದೆ. ದೋಷವೆಲ್ಲಿದೆ? ಭಾಗಗಳನ್ನು ಕಳಚುವ ಮೊದಲು ಲೆಕ್ಕ ಹಾಕುವುದು ಲೇಸು.

ಅದೇ ವೇಗದಲ್ಲಿ ಗಿಯರನ್ನು ತಟಸ್ಥಗೊಳಿಸಿದಾಗಲೂ ನಡುಕವು ನಿಲ್ಲದಿದ್ದರೆ, ಎಂಜಿನ್ನು ಅದಕ್ಕೆ ಕಾರಣವಲ್ಲ. ಗಂಟೆಗೆ 54 ಕಿಲೋಮೀಟರ್ ಎಂದರೆ ಸೆಕೆಂಡಿಗೆ 15 ಮೀಟರ್. ಚಕ್ರದ ಪರಿಧಿಯು 2.5 ಮೀಟರ್ ಆದರೆ, ಅದು ಸೆಕೆಂಡಿಗೆ 6 ಸುತ್ತು ತಿರುಗುತ್ತದೆ. ಹಿಂದಿನ ಅಚ್ಚಿನ ಗಿಯರು ಪ್ರಮಾಣವು 4 ಆದರೆ, ಅಚ್ಚಿಗೆ ಶಕ್ತಿಯನ್ನೊಯ್ಯುವ ದಂಡವು 24 ಸುತ್ತು ತಿರುಗುತ್ತದೆ. ಆದುದರಿಂದ ಸೆಕೆಂಡಿಗೆ 6 ಸಲ ನಡುಗಿದರೆ ಚಕ್ರವನ್ನೂ, 24 ಸಲ ನಡುಗಿದರೆ ದಂಡದ ಅಸಮತೋಲವನ್ನೂ ಶಂಕಿಸಬೇಕು. 48 ಸಲವಾದರೆ?

ದಂಡದ ಎರಡು ತುದಿಗಳಲ್ಲಿಯೂ, 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರನ್ನು ಹೊತ್ತ ಸಂಧಿಗಳಿವೆ. ಸಂಧಿಯು ಬಾಗಿದಾಗ, ಚಾಲಕ ದಂಡವು ಏಕರೂಪವಾಗಿ ತಿರುಗಿದರೂ ಚಾಲಿತ ದಂಡವು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗಗೊಂಡು, ಎರಡು ಸಲ ನಿಧಾನವಾಗುತ್ತದೆ. ಬಾಗು 20 ಡಿಗ್ರಿಯಾದರೆ, ನಿಮಿಷಕ್ಕೆ 1000 ಸುತ್ತಿನ ವೇಗವು 940 ಮತ್ತು 1064ರ ನಡುವೆ ತೂಗಾಡುತ್ತದೆ. ಎರಡೂ ಸಂಧಿಗಳ ಕೋನಗಳು ಸಮನಾಗಿದ್ದು, ದಂಡದ ಎರಡು ಕವಲುಗಳು ಒಂದೇ ಸಮತಲದಲ್ಲಿದ್ದರೆ, ಒಂದರ ಏರುಪೇರನ್ನು ಇನ್ನೊಂದು ಅಳಿಸುತ್ತದೆ. ಆದರೂ ನಡುವಣ ದಂಡದ ಏರುಪೇರು ಉಳಿಯುವುದರಿಂದ, ಕೋನಗಳು ಚಿಕ್ಕವಾಗಿರುವುದೂ ಅವಶ್ಯ.

ಒಡಲನ್ನೆತ್ತಿದಾಗ ಕೋನಗಳು ಹಿಗ್ಗುತ್ತವೆ. ಅಚ್ಚು ಓರೆಯಾದರೆ ಸಮತ್ವವೂ ಕೆಡುತ್ತದೆ. ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ತಕ್ಕ ಬೆಣೆಯನ್ನಿಟ್ಟು ಕೋನಗಳನ್ನು ಸರಿಗೊಳಿಸಬಹುದು. ಉಪೇಕ್ಷಿಸಿದರೆ ಸಂಧಿಯು ಸವೆದು, ಗಾಡಿಯು ಓಡುತ್ತಿರುವಾಗಲೇ ದಂಡವು ಕಳಚಿಬಿದ್ದೀತು.