ರಾಶಿಪೂಜೆಯೂ ಶರಣರ ಕೃತಜ್ಞತಾಭಾವವೂ

'ಕೃತಜ್ಞ' ಎಂಬ ಶಬ್ದದಲ್ಲಿ ಎರಡು ಭಾಗಗಳಿವೆ. 'ಕೃತ' ಎಂದರೆ ಮಾಡಲ್ಪಟ್ಟದ್ದು. 'ಜ್ಞ' ಎಂದರೆ ಅರಿತವನು. ತನಗಾಗಿ ಏನೇನು ಮಾಡಲ್ಪಟ್ಟಿದೆಯೆಂಬುದನ್ನು ಅರಿತಿರುವವನೇ ಕೃತಜ್ಞನು. ಇದಕ್ಕೆ ಪ್ರತಿಯಾದ 'ಕೃತಘ್ನ' ಶಬ್ದಕ್ಕೆ ಮಾಡಿದ್ದನ್ನು ಕೊಂದವನು ಎಂದರ್ಥ. ಮರೆತವನು ಎನ್ನದೆ ಕೊಂದವನು ಎಂದಿರುವುದನ್ನು ಗಮನಿಸತಕ್ಕದ್ದು. ಮಹಾಪಾತಕಗಳಿಗೂ ಪ್ರಾಯಶ್ಚಿತ್ತವುಂಟು, ಕೃತಘ್ನನಿಗೆ ಮಾತ್ರ ಇಲ್ಲವೆಂದು ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಲಕ್ಷ್ಮಣನು ಸುಗ್ರೀವನನ್ನು ಎಚ್ಚರಿಸುವ ಪ್ರಸಂಗವು ಪ್ರಸಿದ್ಧವಾಗಿದೆ. ಕನ್ನಡದ ಗಾದೆಯು ಇದನ್ನೇ ಅಡುಗೆಮನೆಯ ಮಾತಿನಲ್ಲಿ ಹೇಳುತ್ತದೆ: ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ.

ಈ ಅರಿವಿಗೆ ವರ್ಷದಲ್ಲೊಂದು ದಿನವನ್ನು ಮೀಸಲಿಡುವ ಪದ್ಧತಿ ಅನೇಕ ದೇಶಗಳಲ್ಲಿದೆ. ಅಮೆರಿಕಾದಲ್ಲಿ ಅಧ್ಯಕ್ಷ ಲಿಂಕನ್ನನು 1863ರಲ್ಲಿ ಸಾರಿದ ಕೃತಜ್ಞತಾ ದಿನವು, 1941ರ ಶಾಸನದಿಂದ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರಕ್ಕೆ ಸ್ಥಿರವಾಯಿತು. ಜಪಾನಿನವರು ಹೊಸ ಅಕ್ಕಿಯನ್ನು ದೇವರಿಗೊಪ್ಪಿಸುತ್ತಿದ್ದ ಪುರಾತನ ಹಬ್ಬದ ದಿನವಾದ ನವೆಂಬರ್ 23ನ್ನೇ 1948ರ ಕಾಯಿದೆಯ ಮೂಲಕ ದುಡಿಮೆಗೆ ಕೃತಜ್ಞತೆ ಸಲ್ಲಿಸುವ ದಿನವನ್ನಾಗಿ ಮಾಡಿಕೊಂಡರು. ಪರದೇಶಗಳಲ್ಲಿ ನೆಲೆಸಿರುವ ಮಕ್ಕಳು ಊರಿಗೆ ಬಂದಾಗ, ನಮ್ಮಲ್ಲಿ ಇಂಥದೊಂದು ಹಬ್ಬವಿಲ್ಲವೇ ಎಂದು ಹಿರಿಯರನ್ನು ಕೇಳುವುದುಂಟು. ಇಲ್ಲದೆ ಏನು? ಆದರೆ ಅದನ್ನು ಪಂಚಾಂಗದಲ್ಲಿ ಹುಡುಕುವುದಕ್ಕಿಂತ ಕಣದಲ್ಲಿ ಹುಡುಕುವುದು ಲೇಸು.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಈ ಊರಿನ ಮಣ್ಣಿಗೆ ಅರ್ಪಣೆಯ ನೆನಪು ಬಹು ಹಳೆಯದು. 2001ರಲ್ಲಿಯೂ 2004ರಲ್ಲಿಯೂ ಇಲ್ಲಿ ನಡೆದ ಉತ್ಖನನಗಳಲ್ಲಿ ಬೌದ್ಧ ಚೈತ್ಯದ ಅವಶೇಷಗಳೂ, ಭಕ್ತರು ಹರಕೆಯಾಗಿ ಒಪ್ಪಿಸಿದ ಮಣ್ಣಿನ ಪುಟ್ಟ ಸ್ತೂಪಗಳೂ ದೊರೆತವು. ಮತ ಬೇರೆ, ಕಾಲ ಬೇರೆ. ಕಾಲಡಿಯ ಮಣ್ಣನ್ನೇ ಕೈಯಲ್ಲಿ ರೂಪಿಸಿ ಹಿಂದಕ್ಕೆ ಒಪ್ಪಿಸಿದ ಆ ಭಾವವು ಮಾತ್ರ ಇಲ್ಲಿಯ ಒಕ್ಕಲು ಮಕ್ಕಳಿಗೆ ಅಪರಿಚಿತವಾದುದಲ್ಲ.

ಈ ಸೀಮೆಯದು ಮಳೆಯನ್ನೇ ನಂಬಿದ ರಾಗಿಯ ಹೊಲ. ಆಷಾಢ ಶ್ರಾವಣಗಳಲ್ಲಿ ಬಿತ್ತನೆ. ನಡುನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು. ಕಾರ್ತಿಕ ಮಾರ್ಗಶಿರಗಳಲ್ಲಿ ಕುಯ್ಲಾದ ಮೇಲೆ ತೆನೆಸಹಿತವಾದ ಹುಲ್ಲನ್ನು ಮೆದೆಯೊಟ್ಟಿ, ನೆಲವನ್ನು ಕೆರೆದು, ನೀರು ಹಾಕಿ ತುಳಿಸಿ, ಸಗಣಿಯಿಂದ ಸಾರಿಸಿ ಕಣವನ್ನು ಮಾಡುತ್ತಿದ್ದರು. ಎತ್ತುಗಳಿಗೆ ಗುಂಡುಕಲ್ಲನ್ನು ಕಟ್ಟಿ ಒಕ್ಕಣೆಯಾಗುವವರೆಗೆ ಯಾರೂ ಕೆರವು ಮೆಟ್ಟಿ ಅದರೊಳಗೆ ಕಾಲಿಡುತ್ತಿರಲಿಲ್ಲ. ತೂರಿ ರಾಶಿ ಮಾಡಿ, ವಿಭೂತಿ ಪತ್ರೆಗಳಿಂದ ಪೂಜಿಸಿ, ಆಮೇಲೆ ಕೊಳಗವನ್ನು ಹಿಡಿಯುತ್ತಿದ್ದರು. ಮೊದಲ ಕೊಳಗವನ್ನು 'ಒಂದು' ಎಂದು ಎಣಿಸದೆ 'ಲಾಭ' ಎನ್ನುತ್ತಿದ್ದರು. ಇದನ್ನು ಬರಿಯ ಶಕುನವೆಂದು ತಳ್ಳಿಬಿಡುವವರಿದ್ದಾರೆ. ಎಣಿಕೆಗೆ ತೊಡಗುವ ಮುನ್ನ, ಇದು ನನ್ನ ಲೆಕ್ಕಕ್ಕೆ ಮೀರಿ ಬಂದದ್ದು ಎಂದು ಒಪ್ಪಿಕೊಳ್ಳುವ ವಿನಯವು ಅದರಲ್ಲಿ ಅಡಗಿರುವುದನ್ನೂ ಕಾಣಬೇಕು.

ಕಣದ ಕೆಲಸಗಳಲ್ಲಿ ಮನುಷ್ಯನನ್ನು ಸುಮ್ಮನೆ ನಿಲ್ಲಿಸುವ ಕೆಲಸವೆಂದರೆ ತೂರುವುದು. ಉತ್ತದ್ದಾಯಿತು, ಬಿತ್ತಿದ್ದಾಯಿತು, ಕೊಯ್ದು ಒಕ್ಕಿದ್ದಾಯಿತು. ಮೊರವನ್ನು ಎತ್ತಿ ಹಿಡಿದವನು ಈಗ ಗಾಳಿಗಾಗಿ ಕಾಯಬೇಕು. ಗಾಳಿ ಬೀಸದಿದ್ದರೆ ಹೊಟ್ಟೂ ಕಾಳೂ ಒಂದೇ ಗುಡ್ಡೆಯಾಗಿ ಬಿದ್ದಿರುತ್ತವೆ. ಹಣವಿದ್ದವನ ಕಣಕ್ಕೆ ಗಾಳಿ ಮೊದಲು ಬರುವುದಿಲ್ಲ. ಜೇಡರ ದಾಸಿಮಯ್ಯನವರು ಭೂಮಿಯನ್ನೂ ಬೆಳೆಯನ್ನೂ ಶಿವನ ಕೊಡುಗೆಯೆಂದು ಹೇಳಿ ಅಲ್ಲಿಗೇ ನಿಲ್ಲಿಸದೆ ಬೀಸುವ ಗಾಳಿಯನ್ನೂ ಜೊತೆಗೆ ಸೇರಿಸಿದ್ದಾರೆ. ನೇಯ್ಗೆಯ ಕಾಯಕದವರಾದ ಅವರಿಗೆ ಕಣದ ಈ ಮರ್ಮವು ಹೊಳೆದದ್ದು ವಿಶೇಷವೇ ಸರಿ. ಮಗ್ಗವೂ ಹೊಲವೂ ನೆರೆಹೊರೆಯಾಗಿರುವ ದೊಡ್ಡಬಳ್ಳಾಪುರದ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ನೆಲಕ್ಕೆ ಪಹಣಿಯುಂಟು, ಬೆಳೆಗೆ ಬೆಲೆಯುಂಟು. ಗಾಳಿಗೆ ಒಡೆಯನೆಂದು ಹೇಳಿಕೊಳ್ಳುವವನು ಇನ್ನೂ ಹುಟ್ಟಿಲ್ಲ. ಈ ಗಾಳಿಯ ದೃಷ್ಟಿಯಿಂದ ನೋಡಿದಾಗ ಉಳಿದ ಎರಡೂ ನಮ್ಮವಲ್ಲವೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ಅದೇ ವಚನದಲ್ಲಿ ದಾಸಿಮಯ್ಯನವರು, ಶಿವನು ಕೊಟ್ಟದ್ದನ್ನು ತಿಂದು ಇತರರನ್ನು ಸ್ತುತಿಸುವವರನ್ನು ಕಟುವಾಗಿ ನಿಂದಿಸಿದ್ದಾರೆ. ಹಾಗಾದರೆ ಕಣದಲ್ಲಿ ಕುಯ್ದವರಿಗೆ, ಕಮ್ಮಾರ ಬಡಗಿಗಳಿಗೆ, ಕಡೆಗೆ ಎತ್ತಿಗೂ ಉಪಕಾರ ಸ್ಮರಣೆ ಮಾಡುವುದು ಆ ನಿಂದೆಗೆ ಗುರಿಯಾಗುವುದಿಲ್ಲವೇ?

ಆಗುವುದಿಲ್ಲ. ಹೇಗೆಂದರೆ, ಅಲ್ಲಿ ಇತರರೆಂದರೆ ತಾನೇ ಕೊಡುವವನೆಂದು ಮೆರೆಯುವ ಸಿರಿವಂತನು, ಅವನ ಬಾಗಿಲಲ್ಲಿ ನಿಂತು ಪಡೆಯುವ ಹೊಗಳಿಕೆಯ ಕೂಳು. ಬಿಸಿಲಿನಲ್ಲಿ ಬಗ್ಗಿ ಕುಯ್ದವನು ಮೆರೆಯುವವನಲ್ಲ. ಅವನೂ ಅದೇ ಕೊಡುಗೆಯನ್ನುಣ್ಣುವ ಸಹಪಂಕ್ತಿಯವನು. ಬೇರಿಗೆ ಹಾಕಿದ ನೀರು ಮರದ ತುದಿಯಲ್ಲಿ ಚಿಗುರಾಗಿ ಕಾಣುವಂತೆ, ಜಂಗಮಕ್ಕೆ ಉಣಿಸಿದ್ದು ಲಿಂಗಕ್ಕೆ ಮುಟ್ಟುವುದೆಂಬುದು ಬಸವಣ್ಣನವರ ನಿಲುವು. ಆದಕಾರಣ ದುಡಿದವನ ಕೈಗೆ ಕೊಟ್ಟ ಕೊಳಗವು ಶಿವನಿಗೆ ಸಲ್ಲತಕ್ಕದ್ದರಿಂದ ಕಳೆದ ಕೊಳಗವಾಗದೆ ಶಿವನಿಗೆ ಸಂದ ಕೊಳಗವೇ ಆಗುತ್ತದೆ.

ಇಷ್ಟನ್ನು ಒಪ್ಪಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಆಯವೆಂಬ ಹೆಸರಿನಲ್ಲಿ ಕಣದಲ್ಲಿ ಧಾನ್ಯವನ್ನು ಹಂಚುತ್ತಿದ್ದ ಹಿಂದಿನ ಪದ್ಧತಿಯನ್ನು ಹೊಗಳುವವರು ಬಹಳ. ಆದರೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಪಡೆಯುತ್ತಿದ್ದರೇ? ಕೆಲವರನ್ನು ಕಣದ ಅಂಚಿನಾಚೆಗೆ ನಿಲ್ಲಿಸಿ, ಒಡ್ಡಿದ ಸೆರಗಿಗೆ ಎತ್ತರದಿಂದ ಸುರಿಯುತ್ತಿದ್ದುದು ಸುಳ್ಳಲ್ಲ. ತಮಗೆ ಅಳೆಯುವಾಗ ರಾಶಿಗಟ್ಟಿ ಅಳೆದು, ಅವರಿಗೆ ಅಳೆಯುವಾಗ ಕೊಳಗದ ಬಾಯನ್ನು ಸಮನಾಗಿ ಸವರಿದ ಕೈಗಳೂ ಇದ್ದವು. ಕಣಕ್ಕೆ ಕೆರವು ತಾಕಬಾರದೆಂಬ ಮಡಿಯು ಮನುಷ್ಯನನ್ನೂ ಹೊರಗಿಟ್ಟಿತು. ಕೊಡುವವನು ಎತ್ತರವಾಗಿ, ಪಡೆಯುವವನು ಕುಗ್ಗಿ ನಿಂತಲ್ಲಿ ದಾನವಿರಬಹುದು; ಶರಣರು ಹೇಳಿದ ದಾಸೋಹವಿಲ್ಲ. ದಾಸೋಹದಲ್ಲಿ 'ನಾನು ದಾಸ' ಎನ್ನಬೇಕಾದವನು ಕೊಡುವವನೇ. ಕಲ್ಯಾಣದ ಶರಣರು ಕುಲವನ್ನು ಕೇಳದೆ ಒಂದೇ ಪಂಕ್ತಿಯಲ್ಲಿ ಕುಳಿತಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆತನಗಳು ತಮ್ಮ ಹಿರಿಯರ ಕಣದ ಈ ಗೆರೆಯನ್ನೂ ನೆನೆಯತಕ್ಕದ್ದು.

ಎಷ್ಟು ಕೊಡಬೇಕು, ಎಷ್ಟು ತರಬೇಕು ಎಂಬ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗಕ್ಕಿಂತ ಮಿಗಿಲಾದ ಪಾಠವಿಲ್ಲ. ಆಕೆಯ ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಆ ದಂಪತಿಗಳು ಅದರಿಂದಲೇ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಬಡವರ ಮನೆ, ಹೆಚ್ಚು ಬಂದರೆ ಹಿಗ್ಗಬೇಕು. ಲಕ್ಕಮ್ಮನವರು ಹಿಗ್ಗಲಿಲ್ಲ. ಈಸಕ್ಕಿಯ ಆಸೆ ನಮಗೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದರು. ಬೇಡದ್ದನ್ನು ಬಿಟ್ಟುಬರುವುದೂ ಕೃತಜ್ಞತೆಯ ಒಂದು ಕ್ರಿಯೆ, ಏಕೆಂದರೆ ಅದು ಇನ್ನೊಬ್ಬನ ಪಾಲೆಂಬ ಅರಿವು ಅದರಲ್ಲಿದೆ. ಈ ಲೆಕ್ಕವನ್ನು ಕಂಡು ಹೇಳಿದವರು ಮನೆಯ ಹೆಣ್ಣುಮಗಳೆಂಬುದು ಗೃಹಸ್ಥರ ಗಮನದಲ್ಲಿರಲಿ.

ಕಣದ ಈ ಭಾವವೇ ಸಂಕ್ರಾಂತಿಯ ದಿನ ಮನೆಯೊಳಗೆ ಬರುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜಗಳನ್ನು ಬೆರೆಸಿ, ಕಬ್ಬಿನ ತುಂಡು ಸಕ್ಕರೆ ಅಚ್ಚುಗಳೊಡನೆ ಹೆಣ್ಣುಮಕ್ಕಳು ಮನೆಮನೆಗೆ ಬೀರುತ್ತಾರೆ. ಅವರೆಕಾಯಿ, ಗೆಣಸು, ಕಡಲೆಕಾಯಿಗಳನ್ನು ಬೇಯಿಸುತ್ತಾರೆ. ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕಿಚ್ಚು ಹಾಯಿಸುತ್ತಾರೆ. ಎಳ್ಳಿನ ತಟ್ಟೆಗಳು ಈಚೆಗೆ ಅಂಗಡಿಯ ಪೊಟ್ಟಣಗಳಾಗಿ, ಯಾರ ತಟ್ಟೆ ದೊಡ್ಡದೆಂಬ ಪಂದ್ಯವೂ ಸೇರಿಕೊಂಡಿದೆ. ಅದಕ್ಕೆ ಲಕ್ಕಮ್ಮನವರ ಮಾತೇ ಸಾಕು. ಕೆಲವು ಮನೆಗಳಲ್ಲಿ ಆ ದಿನಗಳಲ್ಲಿಯೇ ಹೊಸ ರಾಗಿಯ ಒಂದು ಪಾಲನ್ನು ಮಠದ ದಾಸೋಹಕ್ಕೆ ತೆಗೆದಿಡುವರು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಸಂಕ್ರಾಂತಿ ಕಳೆದ ವಾರದೊಳಗೆ ಬರುವ ಆ ದಿನವು ದಾಸೋಹ ದಿನವಾಗಿ ಆಚರಣೆಯಲ್ಲಿದೆ.

ಇನ್ನು ಉಳಿದದ್ದು ಇಂದಿನ ಶಂಕೆ. ಹಲವೆಡೆ ಕಣವೇ ಇಲ್ಲ. ರಾಗಿಯ ಹುಲ್ಲನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿಬರುವ ಲಾರಿ ಬಸ್ಸುಗಳ ಚಕ್ರವೇ ಗುಂಡುಕಲ್ಲು. ಗಾಳಿಗೆ ಕಾಯುವಂತಿಲ್ಲ, ಯಂತ್ರದ ಬೀಸಣಿಗೆಯಿದೆ. ಹೀಗಿರುವಾಗ ಯಾರನ್ನು ನೆನೆಯಬೇಕು? ಒಕ್ಕಿಕೊಟ್ಟವನು ಹೆಸರರಿಯದ ದಾರಿಹೋಕನು. ತಾನು ಒಕ್ಕಿದೆನೆಂಬುದೂ ಅವನಿಗೆ ತಿಳಿಯದು. ಅಹಂಕಾರವಿಲ್ಲದ ದಾಸೋಹವೆಂದರೆ ಇದೇ ಎಂದು ವಿನೋದಕ್ಕೆ ಹೇಳಬಹುದು. ಆದರೆ ಅದೇ ಹುಲ್ಲಿನ ಮೇಲೆ ದ್ವಿಚಕ್ರ ವಾಹನ ಜಾರಿ, ಕತ್ತಲಲ್ಲಿ ಬಿದ್ದವನ ಕೈಕಾಲು ಮುರಿದರೆ ಆ ರಾಗಿಯ ಮುದ್ದೆಯನ್ನು ಲಿಂಗಕ್ಕೆ ತೋರಿಸಿ ಪ್ರಸಾದವೆನ್ನಲು ಕೈ ಏಳುವುದೇ? ಉಪಕಾರ ಮಾಡಿದವನಿಗೇ ಅಪಾಯವನ್ನೊಡ್ಡಿದಂತಾಯಿತು. ಕೃತಘ್ನ ಶಬ್ದದ ಅಕ್ಷರಾರ್ಥವು ಇಲ್ಲಿ ರಸ್ತೆಯ ಮೇಲೆಯೇ ಬಿದ್ದಿರುತ್ತದೆ.

ಊರವರು ಕೂಡಿ ಒಂದು ಸಾಮೂಹಿಕ ಕಣವನ್ನು ಮಾಡಿಕೊಂಡರೆ ಈ ತೊಂದರೆ ತಪ್ಪುತ್ತದೆ. ಒಬ್ಬೊಬ್ಬರದೇ ಕಣವಿದ್ದಾಗ ಒಳಗೆ ಹೊರಗೆ ಎಂಬ ಗೆರೆಯಿತ್ತು. ಎಲ್ಲರದೂ ಆದ ಕಣದಲ್ಲಿ ಯಾರನ್ನು ಎಲ್ಲಿ ನಿಲ್ಲಿಸುವುದು? ರಾಶಿಯನ್ನು ಎತ್ತಿ ಚೀಲಕ್ಕೆ ತುಂಬಿದ ಮೇಲೆ ನೆಲವನ್ನು ಪೂರ್ತಿಯಾಗಿ ಗುಡಿಸದೆ ಒಂದಿಷ್ಟು ಕಾಳನ್ನು ಹಾಗೆಯೇ ಬಿಡುವ ವಾಡಿಕೆಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮರುದಿನ ಬೆಳಿಗ್ಗೆ ಅಲ್ಲಿಗೆ ಮೊದಲು ಇರುವೆ ಬರುತ್ತದೆ, ಆಮೇಲೆ ಗುಬ್ಬಿ. ಬಸವಣ್ಣನವರು ದೃಷ್ಟಾಂತವಾಗಿ ತೋರಿಸಿದ ಕಾಗೆಯೂ ಬಂದು, ತಿನ್ನುವ ಮುನ್ನ ತನ್ನ ಬಳಗವನ್ನೆಲ್ಲ ಕೂಗಿ ಕರೆಯುತ್ತದೆ.