ಯಾತ್ರಿಕನ ಋಣ

ತೀರ್ಥಯಾತ್ರೆಯಲ್ಲಿ ಕಾಲ್ನಡಿಗೆಗೆ ನಮ್ಮ ಹಿರಿಯರು ವಿಶೇಷ ಸ್ಥಾನವನ್ನಿತ್ತಿದ್ದಾರೆ. ಶ್ರೀಮದಾಚಾರ್ಯರ ಎರಡು ಬದರೀಯಾತ್ರೆಗಳನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಶ್ರೀವಾದಿರಾಜರು ಕ್ಷೇತ್ರಗಳನ್ನು ನಾಲ್ಕು ದಿಕ್ಕುಗಳ ಕ್ರಮದಿಂದ ತೀರ್ಥಪ್ರಬಂಧದಲ್ಲಿ ಸ್ತುತಿಸಿದ್ದಾರೆ. ದೇಹಶ್ರಮದಿಂದ ಅಹಂಕಾರವು ಕರಗಬೇಕೆಂಬುದೇ ನಡಿಗೆಯ ಉದ್ದೇಶ. ಆದರೆ ಅದೇ ಶ್ರಮದಿಂದ ಅಹಂಕಾರವು ಬೆಳೆಯುವುದೂ ಉಂಟು. "ಇಷ್ಟು ದೂರ ನಡೆದು ಬಂದವನು ನಾನು, ಅನ್ನ, ನೀರು, ನೆರಳು ನನಗೆ ಸಲ್ಲತಕ್ಕವೇ" ಎಂಬ ಭಾವವು ಮೆಲ್ಲನೆ ತಲೆಯೆತ್ತುತ್ತದೆ.

ಜನಸಂದಣಿಯ ಮಾರ್ಗದಲ್ಲಿ ಛತ್ರಗಳೂ ಅಂಗಡಿಗಳೂ ಇರುತ್ತವೆ. ಜನವಿರಳವಾದ ಮಾರ್ಗದಲ್ಲಿಯಾದರೋ ಒಂದು ಮನೆಯ ಜಗುಲಿಯೇ ಛತ್ರ, ಒಬ್ಬ ಗೃಹಿಣಿಯ ದಯೆಯೇ ಅನ್ನಸತ್ರ. ಆದುದರಿಂದ ಈ ದೋಷವು ಅಲ್ಲಿ ಹೆಚ್ಚು ಹಾನಿಕರ.

ಜಪಾನಿನ ಶಿಕೊಕು ದ್ವೀಪದ ಪದ್ಧತಿಯೊಂದು ಇಲ್ಲಿ ಮನನೀಯವಾಗಿದೆ. ಅಲ್ಲಿ ಬೌದ್ಧಗುರು ಕೂಕಾಯ್ (ಕ್ರಿ. ಶ. ೭೭೪–೮೩೫) ಅವರ ಸ್ಮರಣೆಯಲ್ಲಿ ೮೮ ದೇವಾಲಯಗಳನ್ನು ಸಂದರ್ಶಿಸುವ, ಸುಮಾರು ೧೨೦೦ ಕಿಲೋಮೀಟರುಗಳ ಯಾತ್ರೆಯುಂಟು. ಈಗ ಬಹುಮಂದಿ ವಾಹನಗಳಲ್ಲಿ ಹೋಗುವುದರಿಂದ ನಡೆಯುವವರು ವಿರಳ. ಹಳ್ಳಿಗರು ಅವರಿಗೆ ಹಣ್ಣು, ಚಹ, ಕೆಲವೊಮ್ಮೆ ತಂಗಲು ಸ್ಥಳವನ್ನೂ ಬೆಲೆಯಿಲ್ಲದೆ ನೀಡುತ್ತಾರೆ. ಇದಕ್ಕೆ 'ಒಸೆತ್ತಾಯಿ' ಎಂದು ಹೆಸರು. ಸ್ವೀಕರಿಸಿದವನು ತನ್ನ ಹೆಸರು ಬರೆದ ಚೀಟಿಯನ್ನು ಕೃತಜ್ಞತಾಪೂರ್ವಕವಾಗಿ ಒಪ್ಪಿಸುವುದು ಸಂಪ್ರದಾಯ. ಗುರುವು ಯಾತ್ರಿಕನ ಜೊತೆಯಲ್ಲೇ ನಡೆಯುವನೆಂದೂ, ಯಾತ್ರಿಕನಿಗಿತ್ತುದು ಗುರುವಿಗೇ ಸಲ್ಲುವುದೆಂದೂ ಅವರ ನಂಬಿಕೆ. ಹಾಗಾದರೆ ಆ ಗೌರವವು ನಡೆಯುವವನ ಕಾಲುಗಳಿಗೆ ಸಂದುದಲ್ಲ; ಅವನು ಅದನ್ನು ಹೊತ್ತೊಯ್ಯುವವನು ಮಾತ್ರ.

ಇಲ್ಲೊಂದು ಆಕ್ಷೇಪವು ಬರಬಹುದು: "ಕೊಟ್ಟವನಿಗೆ ಪುಣ್ಯ ಬರುವುದಾದರೆ, ಸ್ವೀಕರಿಸಿ ನಾವೇ ಅವನಿಗೆ ಉಪಕಾರ ಮಾಡಿದಂತಾಯಿತಲ್ಲವೆ?" ಇದು ಸರಿಯಲ್ಲ. ಅತಿಥಿಯಲ್ಲಿ ಶ್ರೀಹರಿಯನ್ನು ಕಾಣುವುದು ಗೃಹಸ್ಥನ ಧರ್ಮ. ಅವನ ಧರ್ಮವು ನಮ್ಮ ಹಕ್ಕಾಗಲಾರದು. ಗೃಹಸ್ಥನಲ್ಲಿ ನೆಲೆಸಿ ಕೊಡಿಸುವ ಶ್ರೀಹರಿಯನ್ನು ಕಾಣುವುದು ಅತಿಥಿಯ ಧರ್ಮ. ಸ್ವತಂತ್ರನು ಶ್ರೀಹರಿಯೊಬ್ಬನೇ, ಕೊಡುವವನೂ ಕೊಳ್ಳುವವನೂ ಅವನ ಅಧೀನರು. ಅಸ್ವತಂತ್ರನಾದ ಜೀವನಿಗೆ "ನನಗೆ ಸಲ್ಲತಕ್ಕದ್ದು" ಎನ್ನಲು ಆಧಾರವೆಲ್ಲಿದೆ? ಹಾಗೆಂದು ಕೃತಜ್ಞತೆಯನ್ನು ಶ್ರೀಹರಿಗೆ ಮಾತ್ರ ಸಲ್ಲಿಸಿ, ಎದುರಿಗೆ ನಿಂತ ಗೃಹಿಣಿಗೆ ಒಂದು ಒಳ್ಳೆಯ ಮಾತನ್ನೂ ಆಡದೆ ಹೊರಡುವುದು ಭಕ್ತಿಯಲ್ಲ.

ಆದ್ದರಿಂದ ನಡೆದು ಯಾತ್ರೆಮಾಡುವ ನಾವು ಈ ನಿಯಮಗಳನ್ನು ಪಾಲಿಸೋಣ. ಅವಶ್ಯವಾದುದನ್ನು ಕೇಳೋಣ, ಇಲ್ಲವೆಂದರೆ ಮುಖ ಬಾಡಿಸದಿರೋಣ. ಕೊಟ್ಟುದರ ರುಚಿ, ಅಳತೆಗಳನ್ನು ಎಣಿಸದಿರೋಣ. ತಂಗಿದ ಸ್ಥಳವನ್ನು ಗುಡಿಸಿ, ಬಾವಿಯ ಹಗ್ಗವನ್ನು ಇದ್ದಲ್ಲಿಯೇ ಇರಿಸಿ ಹೊರಡೋಣ. ಶಕ್ತಿಯುಳ್ಳವರು ಮುಂದಿನವರಿಗಾಗಿ ಏನಾದರೂ ಒಪ್ಪಿಸೋಣ. ಒಬ್ಬನ ಒರಟುತನದಿಂದ ಮುಚ್ಚಿದ ಬಾಗಿಲು, ಮರುದಿನ ಬಾಯಾರಿ ಬರುವ ನಿರಪರಾಧಿಗೂ ತೆರೆಯದು. ಆ ಬಾಗಿಲನ್ನು ತೆರೆದೇ ಇರುವಂತೆ ಬಿಟ್ಟುಹೋಗುವುದೂ ಯಾತ್ರಾಫಲದ ಒಂದು ಭಾಗವೇ.

ಶ್ರೀಕೃಷ್ಣಾರ್ಪಣಮಸ್ತು.